ಒಣಗುವುದನ್ನು ಸಹಿಸಬೇಡಿ: ಶೋಗ್ರೆನ್ ಕಾಯಿಲೆಯವರು ಮಾಡಬೇಕಾದ್ದು, ಮಾಡಬಾರದ್ದು

ಬಾಯಿ ಒಣಗಿದರೆ ಇನ್ನೊಂದು ಲೋಟ ನೀರು ಕುಡಿ ಎನ್ನುವ ಮಾತನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಲ ನಂಬಬೇಡಿ. ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚಿದರೆ ಅದು ಧೂಳು ಎನ್ನುವ ಮಾತನ್ನೂ ಅಷ್ಟೇ. ಮೂರು ತಿಂಗಳು ಎಂಬುದನ್ನು ನಾನು ಬಾಯಿಗೆ ಬಂದ ಹಾಗೆ ಹೇಳುತ್ತಿಲ್ಲ. ದಿನವೂ, ಬಿಡದೆ, ಮೂರು ತಿಂಗಳಿಗಿಂತ ಹೆಚ್ಚಾಗಿ ಕಣ್ಣು ಬಾಯಿ ಒಣಗುತ್ತಿದೆಯೇ ಎಂಬುದು ಈ ಕಾಯಿಲೆಯ ತಜ್ಞರು ಕೇಳುವ ಮೊದಲ ಪ್ರಶ್ನೆ. ನಾನು ಆರು ವರ್ಷ ಸಹಿಸಿಕೊಂಡೆ. ಅಷ್ಟರಲ್ಲಿ ಒಂಬತ್ತು ಹಲ್ಲು ಹೋದವು.

ನಾನು ದಾವಣಗೆರೆಯಲ್ಲಿ ಹೈಸ್ಕೂಲು ಟೀಚರ್. ದಿನಕ್ಕೆ ಆರು ಪೀರಿಯಡ್ ಪಾಠ. ನಾಲಿಗೆ ಅಂಗುಳಕ್ಕೆ ಅಂಟಿ ಟಕ್ ಎಂದು ಬಿಡುವ ಸದ್ದು ಮುಂದಿನ ಬೆಂಚಿನ ಮಕ್ಕಳಿಗೆ ಕೇಳುತ್ತಿತ್ತು. ಅವರು ನಗಲಿಲ್ಲ. ಒಬ್ಬ ಹುಡುಗಿ ಎರಡನೇ ಪೀರಿಯಡ್ ಹೊತ್ತಿಗೆ ಮೇಜಿನ ಮೇಲೆ ನೀರಿನ ಬಾಟಲಿ ತಂದಿಡಲು ಶುರುಮಾಡಿದಳು, ಅಷ್ಟೇ. ಒಂದು ಸಂಜೆ ಅಂಗಡಿಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನಲು ಕೂತಿದ್ದೆ. ಬಾಯಿಗೆ ಹಾಕಿದ ಮಂಡಕ್ಕಿ ನೆನೆಯಲೇ ಇಲ್ಲ. ಹೊಟ್ಟು ಅಗಿದ ಹಾಗೆ ಅಗಿದು ಅಗಿದು, ಕೊನೆಗೆ ನೀರು ಹಾಕಿಕೊಂಡು ನುಂಗಿದೆ. ದಾವಣಗೆರೆಯಲ್ಲೇ ಹುಟ್ಟಿ ಬೆಳೆದವಳಿಗೆ ಮಂಡಕ್ಕಿ ನುಂಗಲು ನೀರು ಬೇಕಾಯಿತು. ಮಾರನೇ ದಿನವೇ ವೈದ್ಯರ ಬಳಿ ಹೋಗಬೇಕಿತ್ತು. ಹೋಗಲಿಲ್ಲ. ಹೋದಾಗಲೂ ಮೊದಲು ನೋಡಿದ ವೈದ್ಯರು ಮುಟ್ಟು ನಿಲ್ಲುವ ವಯಸ್ಸು, ಹೀಗೆಲ್ಲ ಆಗುತ್ತದೆ ಎಂದು ಕಳಿಸಿದರು. ಅವರ ಮಾತನ್ನು ನಾನೂ ಖುಷಿಯಿಂದಲೇ ನಂಬಿದೆ. ಆ ತಪ್ಪು ನಿಮ್ಮಿಂದ ಆಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಹೆಸರು ಹಿಡಿದು ಕೇಳಿ

ಕಾಯಿಲೆಯ ಹೆಸರು ಶೋಗ್ರೆನ್. ನಮ್ಮ ಆಸ್ಪತ್ರೆಗಳಲ್ಲಿ ಜೋಗ್ರೆನ್ಸ್ ಎಂದೂ ಹೇಳುತ್ತಾರೆ. ಹೆಸರು ನಾಲಿಗೆಗೆ ಹತ್ತುವುದಿಲ್ಲ ಎಂದು ಬಿಡಬೇಡಿ, ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸಿ. ಕಣ್ಣಿನ ವೈದ್ಯರು ಕಣ್ಣು ನೋಡುತ್ತಾರೆ, ಹಲ್ಲಿನ ವೈದ್ಯರು ಹಲ್ಲು ನೋಡುತ್ತಾರೆ, ಮಂಡಿ ನೋವಿಗೆ ಇನ್ನೊಬ್ಬರು. ಮೂರೂ ಒಂದೇ ಬೇರಿನಿಂದ ಬಂದವು ಎಂದು ಯಾರಾದರೂ ಹೇಳಬೇಕಲ್ಲ. 1933ರಲ್ಲಿ ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ ಮಾಡಿದ್ದು ಇದನ್ನೇ. ಕಣ್ಣು ಒಣಗಿದ 19 ಹೆಂಗಸರ ಬಗ್ಗೆ ಅವರು ಪ್ರಬಂಧ ಬರೆದರು. ಆ 19 ಮಂದಿಯಲ್ಲಿ 13 ಮಂದಿಗೆ ಕೀಲುವಾತವೂ ಇತ್ತು. ಆ ಪ್ರಬಂಧಕ್ಕೆ ಅವರ ದೇಶದಲ್ಲಿ ಆಗ ಹೆಚ್ಚಿನ ಮನ್ನಣೆ ಸಿಗಲಿಲ್ಲ. 1943ರಲ್ಲಿ ಅದು ಇಂಗ್ಲಿಷಿಗೆ ಬಂದ ಮೇಲೆ ಹೊರಗಿನವರು ಓದಿದರು. ಅವರು ಹುಟ್ಟಿದ ಜುಲೈ 23 ಈಗ ವಿಶ್ವ ಶೋಗ್ರೆನ್ ದಿನ.

ನಮ್ಮ ಮೈಯಲ್ಲಿ ಹೊರಗಿನ ಸೋಂಕಿನ ಮೇಲೆ ಕಾದಾಡಲು ಇರುವ ಬಿಳಿ ರಕ್ತಕಣಗಳು ದಿಕ್ಕು ತಪ್ಪಿ ನಮ್ಮದೇ ಕಣ್ಣೀರಿನ ಗ್ರಂಥಿ, ಜೊಲ್ಲಿನ ಗ್ರಂಥಿಗಳ ಒಳಗೆ ಗುಂಪುಗೂಡಿ ಕೂರುತ್ತವೆ. ಗ್ರಂಥಿ ಬಾತುಕೊಳ್ಳುತ್ತದೆ, ನಿಧಾನವಾಗಿ ಕೆಲಸ ನಿಲ್ಲಿಸುತ್ತದೆ. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್‌ವರೆಗೆ ಜೊಲ್ಲು ಊರುತ್ತದೆ. ಆ ಒರತೆಯೇ ಬತ್ತುವ ಕಾಯಿಲೆ ಇದು. ಒರತೆ ಬತ್ತಿದ ಬಾವಿಗೆ ಮೇಲಿನಿಂದ ಕೊಡಗಟ್ಟಲೆ ನೀರು ಸುರಿದರೆ ಆ ಹೊತ್ತಿಗೆ ಒದ್ದೆಯಾದೀತು, ಅಷ್ಟೆ.

ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರು, ಹೆಚ್ಚಿನವರು ನಲವತ್ತು ಐವತ್ತರ ಆಸುಪಾಸಿನವರು. ಹಾಗೆಂದು ಗಂಡಸರಿಗೆ, ಹರೆಯದವರಿಗೆ ಬರುವುದಿಲ್ಲ ಎಂದುಕೊಳ್ಳಬೇಡಿ. ಅಂಟುರೋಗ ಎಂದುಕೊಳ್ಳಲೇಬೇಡಿ. ಲೋಟ ಬೇರೆ ಇಡಬೇಡಿ, ತಟ್ಟೆ ಬೇರೆ ಇಡಬೇಡಿ. ಕೆಲವರಿಗೆ ಇದು ಒಂಟಿಯಾಗಿ ಬರುತ್ತದೆ, ಕೆಲವರಿಗೆ ಕೀಲುವಾತ, ಲೂಪಸ್ ಕಾಯಿಲೆಗಳ ಜೊತೆಗೆ ಬರುತ್ತದೆ. ಥೈರಾಯ್ಡ್ ತೊಂದರೆಯೂ ಕೂಡಿಕೊಳ್ಳುವುದುಂಟು, ಅದನ್ನೂ ಪರೀಕ್ಷೆ ಮಾಡಿಸಿ.

ಇನ್ನೊಂದು ಕಡೆಯ ಮಾತೂ ಹೇಳಬೇಕು. ಬಾಯಿ ಒಣಗಿದ್ದೆಲ್ಲ ಶೋಗ್ರೆನ್ ಅಲ್ಲ. ಸಕ್ಕರೆ ಕಾಯಿಲೆ, ಹೆಪಟೈಟಿಸ್ ಸಿ, ಕತ್ತಿನ ಭಾಗಕ್ಕೆ ಕೊಟ್ಟ ರೇಡಿಯೇಶನ್, ಇವೂ ಒಣಗಿಸುತ್ತವೆ. ಎಲ್ಲಕ್ಕಿಂತ ಸಾಮಾನ್ಯವಾಗಿ ಒಣಗಿಸುವುದು ನಾವು ನುಂಗುವ ಮಾತ್ರೆಗಳು: ನೆಗಡಿ, ಅಲರ್ಜಿಯ ಮಾತ್ರೆ, ನಿದ್ದೆಗೂ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಕೆಲವು ಮಾತ್ರೆ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಮಾತ್ರೆಯ ಪಟ್ಟಿಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ. ಹೆಸರು ನೆನಪಿದೆ, ಹೇಳುತ್ತೇನೆ ಎನ್ನಬೇಡಿ.

ಪರೀಕ್ಷೆಗೆ ಹೆದರಬೇಡಿ, ಅರ್ಧಕ್ಕೆ ಬಿಡಬೇಡಿ

ಮೊದಲು ಕಣ್ಣಿನದು. ಶಿರ್ಮರ್ ಪರೀಕ್ಷೆ ಎಂದು ಹೆಸರು. ಬೆರಳಗಲವೂ ಇಲ್ಲದ ಸೋಸುಕಾಗದದ ಪಟ್ಟಿಯ ತುದಿ ಮಡಚಿ ಕೆಳರೆಪ್ಪೆಯ ಒಳಗೆ ಸಿಕ್ಕಿಸುತ್ತಾರೆ. ಐದು ನಿಮಿಷ ಹಾಗೇ ಕೂರಬೇಕು. ಕಣ್ಣೀರು ಕಾಗದವನ್ನು ಎಷ್ಟು ದೂರ ನೆನೆಸಿತು ಎಂದು ಅಳೆಯುತ್ತಾರೆ. ಐದು ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಂಶಯ ಗಟ್ಟಿ. ನನ್ನ ಬಲಗಣ್ಣಿನ ಪಟ್ಟಿ ಎರಡು ಮಿಲಿಮೀಟರ್ ನೆನೆದಿತ್ತು, ಎಡಗಣ್ಣಿನದು ಮೂರು. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಪಟ್ಟಿಯನ್ನು ಬೆಳಕಿಗೆ ಹಿಡಿದು ಸ್ಕೇಲು ಇಟ್ಟು ನೋಡಿ, ಮತ್ತೊಮ್ಮೆ ನೋಡಿ ಬರೆದುಕೊಂಡಳು. ಆಮೇಲೆ ಕಣ್ಣಿಗೆ ಬಣ್ಣದ ಹನಿ ಬಿಟ್ಟು ಮೇಲ್ಪದರ ಎಲ್ಲೆಲ್ಲಿ ಗೀರಿದೆ ಎಂದು ನೋಡುತ್ತಾರೆ. ನೋವಿಲ್ಲ.

ಬಾಯಿಯದು ಇನ್ನೂ ಸರಳ. ಏನನ್ನೂ ಅಗಿಯದೆ ಹದಿನೈದು ನಿಮಿಷ ಅಳತೆಯ ಬಟ್ಟಲಿಗೆ ಜೊಲ್ಲು ಉಗುಳಬೇಕು. ಒಂದೂವರೆ ಮಿಲಿಲೀಟರ್ ಮೀರದಿದ್ದರೆ ಅದು ತೀರ ಕಡಿಮೆ. ಉಗುಳಲು ಸಂಕೋಚ ಪಡಬೇಡಿ, ಅದನ್ನು ನೋಡುವುದೇ ಅವರ ಕೆಲಸ.

ರಕ್ತದಲ್ಲಿ ಮುಖ್ಯವಾಗಿ ನೋಡುವುದು ಆಂಟಿ ರೋ ಎಂಬ ಪ್ರತಿಕಾಯ. ವರದಿಯಲ್ಲಿ ಅದನ್ನು ಎಸ್‌ಎಸ್‌ಎ ಎಂದೂ ಬರೆದಿರುತ್ತಾರೆ. ಜೊತೆಗೆ ಎಎನ್‌ಎ, ಆಂಟಿ ಲಾ, ರುಮಟಾಯ್ಡ್ ಫ್ಯಾಕ್ಟರ್. ಇಲ್ಲೇ ಬಹಳ ಮಂದಿ ಎಡವುವುದು. ಆಂಟಿ ರೋ ನೆಗೆಟಿವ್ ಬಂತು, ಕಾಯಿಲೆ ಇಲ್ಲ ಎಂದು ಸಿಹಿ ಹಂಚಬೇಡಿ. ಈ ಕಾಯಿಲೆ ಇದ್ದೂ ಆ ಪ್ರತಿಕಾಯ ಇಲ್ಲದವರು ಸಾಕಷ್ಟು ಇದ್ದಾರೆ. ಅವರಿಗೆ ತುಟಿಯ ಬಯಾಪ್ಸಿ ಬೇಕಾಗುತ್ತದೆ. ಬಯಾಪ್ಸಿ ಎಂದ ಕೂಡಲೇ ಕ್ಯಾನ್ಸರ್ ಎಂದು ಮನೆಯಲ್ಲಿ ಗೋಳಾಡಬೇಡಿ. ಕೆಳತುಟಿಯನ್ನು ಮಗುಚಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಾಸಿವೆ ಕಾಳಿನಷ್ಟಿರುವ ನಾಲ್ಕಾರು ಚಿಕ್ಕ ಜೊಲ್ಲಿನ ಗ್ರಂಥಿಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎರಡು ಮೂರು ಹೊಲಿಗೆ. ಅದೇ ದಿನ ಮನೆಗೆ. ಕೆಲವರಿಗೆ ತುಟಿಯ ಆ ಜಾಗ ಕೆಲವು ವಾರ ಜೋಮು ಹಿಡಿದಂತಿರುತ್ತದೆ, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

2016ರಿಂದ ಜಗತ್ತಿನ ತಜ್ಞರು ಬಳಸುತ್ತಿರುವ ಅಂಕಪಟ್ಟಿಯೊಂದಿದೆ. ಬಯಾಪ್ಸಿಗೆ ಮೂರು, ಆಂಟಿ ರೋಗೆ ಮೂರು, ಕಣ್ಣಿನ ಎರಡು ಪರೀಕ್ಷೆ ಮತ್ತು ಜೊಲ್ಲಿನ ಪರೀಕ್ಷೆಗೆ ಒಂದೊಂದು. ನಾಲ್ಕು ಅಂಕ ಬಂದರೆ ಶೋಗ್ರೆನ್. ಟೀಚರ್ ಆದ ನನಗೆ ಈ ಲೆಕ್ಕ ಬೇಗ ಅರ್ಥವಾಯಿತು. ನಿಮಗೂ ಅರ್ಥವಾಗುತ್ತದೆ. ನನಗೆಷ್ಟು ಅಂಕ ಬಂತು ಎಂದು ವೈದ್ಯರನ್ನು ಕೇಳಿ. ಕೇಳುವುದು ಅಧಿಕಪ್ರಸಂಗವಲ್ಲ.

ನೋಡಬೇಕಾದ ತಜ್ಞರು ರುಮಟಾಲಜಿಸ್ಟ್. ಮೂಳೆ ಡಾಕ್ಟರ್ ಬೇರೆ, ಇವರು ಬೇರೆ.

ಕಣ್ಣಿಗೆ

ಕಣ್ಣಲ್ಲಿ ನೀರು ಸುರಿಯುತ್ತದಲ್ಲ, ಒಣಗಣ್ಣು ಹೇಗಾಗುತ್ತದೆ ಎಂದು ವಾದ ಮಾಡಬೇಡಿ. ಒಣಗಿ ಉರಿದ ಕಣ್ಣು ಗಾಬರಿಯಾಗಿ ಒಮ್ಮೆಲೇ ತೆಳುನೀರು ಸುರಿಸುವುದುಂಟು. ಆ ನೀರು ಕಣ್ಣಿಗೆ ಹಿಡಿಯುವುದಿಲ್ಲ, ಕೆನ್ನೆಗೆ ಇಳಿಯುತ್ತದೆ.

ನಂದಿಬಟ್ಟಲು ಹೂವಿನ ರಸ ಬಿಡಬೇಡಿ. ಜೇನುತುಪ್ಪ ಬೇಡ, ಹರಳೆಣ್ಣೆ ಬೇಡ, ಎದೆಹಾಲು ಬೇಡ, ಪನ್ನೀರು ಬೇಡ. ನಮ್ಮ ಅಜ್ಜಿಯೂ ನಂದಿಬಟ್ಟಲು ಬಿಡುತ್ತಿದ್ದಳು, ಅವಳ ಪ್ರೀತಿಯ ಮೇಲೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಕಣ್ಣೀರಿನಲ್ಲಿ ಕ್ರಿಮಿಯನ್ನು ತಡೆಯುವ ಅಂಶಗಳಿವೆ. ನಮಗೆ ಆ ಕಾವಲೇ ಇಲ್ಲ. ಗೀರಿದ ಕಣ್ಣಿಗೆ ಹೂವಿನ ಜೊತೆ ಬಂದ ಕ್ರಿಮಿ ಸೇರಿದರೆ ಹುಣ್ಣಾಗುತ್ತದೆ, ಹುಣ್ಣು ಮಾಗಿದ ಮೇಲೂ ಬಿಳಿ ಕಲೆ ಉಳಿಯುತ್ತದೆ, ದೃಷ್ಟಿ ಹೋಗುತ್ತದೆ.

ಔಷಧಿ ಅಂಗಡಿಯವನು ಕೊಟ್ಟ ಹನಿ ಬಿಡಬೇಡಿ. ಕಣ್ಣು ಕೆಂಪಾಗಿದೆ ಎಂದರೆ ಅವನು ಕೊಡುವುದು ಬಹಳ ಸಲ ಸ್ಟೆರಾಯ್ಡ್ ಇರುವ ಹನಿ. ಎರಡು ದಿನದಲ್ಲಿ ಕೆಂಪು ಇಳಿದು ಹಾಯೆನಿಸುತ್ತದೆ, ಅದಕ್ಕೇ ಅದು ಅಪಾಯ. ವೈದ್ಯರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಬಿಟ್ಟುಕೊಂಡರೆ ಕಣ್ಣಿನ ಒತ್ತಡ ಏರುತ್ತದೆ, ಪೊರೆ ಬರುತ್ತದೆ.

ಬಿಡಬೇಕಾದ್ದು ಕೃತಕ ಕಣ್ಣೀರು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ ಬರೆಸಿಕೊಳ್ಳಿ. ಬಾಟಲಿ ಕೆಡದಿರಲಿ ಎಂದು ಹಾಕುವ ಬೆಂಜಾಲ್ಕೋನಿಯಮ್ ಪದೇ ಪದೇ ತಾಗಿದರೆ ಕಣ್ಣಿನ ಮೇಲ್ಪದರವನ್ನೇ ಕೆರಳಿಸುತ್ತದೆ. ಉರಿದ ಮೇಲೆ ಹನಿ ಬಿಡುವುದಲ್ಲ, ಉರಿಯುವ ಮೊದಲೇ ಬಿಡುವುದು. ನಾನು ಪೀರಿಯಡ್ ಬೆಲ್ಲಿಗೆ ಹೊಂದಿಸಿಕೊಂಡಿದ್ದೇನೆ.

ಹನಿ ಬಿಡುವ ಕ್ರಮ ಬಹಳ ಮಂದಿಗೆ ತಪ್ಪಾಗಿದೆ, ಸರಿಯಾಗಿ ಕೇಳಿಸಿಕೊಳ್ಳಿ. ಸೋಪಿನಲ್ಲಿ ಕೈ ತೊಳೆಯಿರಿ. ತಲೆ ಹಿಂದಕ್ಕೆ ವಾಲಿಸಿ ಕೆಳರೆಪ್ಪೆಯನ್ನು ಒಂದು ಬೆರಳಿನಿಂದ ಕೆಳಗೆ ಎಳೆಯಿರಿ, ಅಲ್ಲೊಂದು ಪುಟ್ಟ ಜೇಬಾಗುತ್ತದೆ. ಆ ಜೇಬಿಗೆ ಒಂದೇ ಹನಿ. ಬಾಟಲಿಯ ತುದಿ ರೆಪ್ಪೆಗೂ ಕೂದಲಿಗೂ ತಾಗಬಾರದು. ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಮೆತ್ತಗೆ ಒತ್ತಿ. ಇನ್ನೊಂದು ಬಗೆಯ ಹನಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಬಾಟಲಿ ತೆರೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ಎಷ್ಟು ದಿನಕ್ಕೆ ಎಸೆಯಬೇಕೆಂದು ಲೇಬಲಿನ ಮೇಲಿದೆ. ಇನ್ನೂ ಅರ್ಧ ಇದೆ, ದುಡ್ಡು ಕೊಟ್ಟಿದ್ದೇವೆ ಎಂದು ಇಟ್ಟುಕೊಳ್ಳಬೇಡಿ. ನಿಮ್ಮ ಬಾಟಲಿ ಇನ್ನೊಬ್ಬರಿಗೆ ಬೇಡ, ಗಂಡನಿಗೂ ಬೇಡ.

ಬೆಳಿಗ್ಗೆ ಎದ್ದ ಕೂಡಲೇ ಕಣ್ಣನ್ನು ಪಟ್ಟನೆ ತೆರೆಯಬೇಡಿ, ಉಜ್ಜಬೇಡಿ. ರಾತ್ರಿಯೆಲ್ಲ ಒಣಗಿದ ರೆಪ್ಪೆ ಕಣ್ಣಿಗೆ ಅಂಟಿಕೊಂಡಿರುತ್ತದೆ, ಎಳೆದರೆ ಮೇಲ್ಪದರ ಕಿತ್ತು ಬರುತ್ತದೆ. ದಿಂಬಿನ ಪಕ್ಕ ಹನಿಯ ಬಾಟಲಿ ಇರಲಿ. ಮುಚ್ಚಿದ ರೆಪ್ಪೆಯ ಮೂಲೆಗೆ ಒಂದು ಹನಿ ಬಿಟ್ಟು, ಅದು ಒಳಗೆ ಇಳಿಯುವವರೆಗೆ ಕಾದು, ಆಮೇಲೆ ಮೆಲ್ಲಗೆ ತೆರೆಯಿರಿ. ಮಲಗುವ ಮುಂಚೆ ಜೆಲ್ ಅಥವಾ ಮುಲಾಮು ಹಾಕಿಕೊಂಡರೆ ಈ ತಾಪತ್ರಯ ಅರ್ಧ ತಪ್ಪುತ್ತದೆ.

ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳಬಾರದು, ಮಂಚ ಸರಿಸಿ. ಸ್ಕೂಟರಿನಲ್ಲಿ ಹೋಗುವಾಗ ಹೆಲ್ಮೆಟ್ಟಿನ ಗಾಜು ಇಳಿಸಿಕೊಳ್ಳಿ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬೇಡ. ಮೆಣಸಿನಕಾಯಿ ಹುರಿಯುವ ಹೊತ್ತಿಗೆ ಅಡಿಗೆಮನೆಯಿಂದ ಹೊರಗೆ ಬನ್ನಿ, ಸೌದೆ ಒಲೆಯ ಮುಂದೆ ಕೂರಬೇಡಿ. ಮೊಬೈಲು, ಕಂಪ್ಯೂಟರ್ ನೋಡುವಾಗ ನಾವು ಕಣ್ಣು ಮಿಟುಕಿಸುವುದನ್ನೇ ಮರೆಯುತ್ತೇವೆ, ನೆನಪಿಸಿಕೊಂಡು ಮಿಟುಕಿಸಿ. ಸೀಮೆಸುಣ್ಣ ಬಳಸುವ ಟೀಚರುಗಳು ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಲಿ. ಹನಿ ಸಾಲದಿದ್ದರೆ ಸೈಕ್ಲೋಸ್ಪೋರಿನ್ ಹನಿ ಇದೆ, ಕಣ್ಣೀರು ಹರಿದುಹೋಗುವ ರಂಧ್ರಕ್ಕೆ ಹಾಕುವ ಪುಟ್ಟ ಬಿರಡೆ ಇದೆ. ಮೊದಲನೆಯದು ಕೆಲಸ ತೋರಿಸಲು ವಾರಗಳಲ್ಲ, ತಿಂಗಳುಗಳೇ ಬೇಕು. ಉರಿಯಿತು ಎಂದು ಹತ್ತು ದಿನಕ್ಕೆ ಬಿಡಬೇಡಿ.

ಬಾಯಿಗೆ, ಹಲ್ಲಿಗೆ

ಜೊಲ್ಲು ಬರೀ ನೀರಲ್ಲ. ತಿಂದ ಹುಳಿಯನ್ನು ತಣಿಸುವುದು ಅದು, ಸವೆದ ಹಲ್ಲಿಗೆ ಕ್ಯಾಲ್ಸಿಯಂ ಮತ್ತೆ ತುಂಬುವುದು ಅದು. ಅದಿಲ್ಲದ ಬಾಯಲ್ಲಿ ಹಲ್ಲು ಹುಳುಕಾಗುವ ರೀತಿಯೇ ಬೇರೆ. ಒಸಡಿನ ಅಂಚಿನಲ್ಲಿ, ಬೇರಿನ ಹತ್ತಿರ, ಮುಂದಿನ ಹಲ್ಲುಗಳ ತುದಿಯಲ್ಲಿ ಕಂದುಗಟ್ಟಿ, ಒಂದು ದಿನ ಇಡೀ ಹಲ್ಲು ಒಸಡಿನ ಮಟ್ಟಕ್ಕೆ ಮುರಿಯುತ್ತದೆ. ನನ್ನ ಮೊದಲ ಹಲ್ಲು ಮುರಿದದ್ದು ಮೃದುವಾದ ಇಡ್ಲಿ ತಿನ್ನುವಾಗ.

ಆದ್ದರಿಂದ ಇದನ್ನು ಗಟ್ಟಿಯಾಗಿ ಹೇಳುತ್ತೇನೆ: ಬಾಯಿ ಒಣಗಿತೆಂದು ಕಲ್ಲುಸಕ್ಕರೆ ಚೀಪಬೇಡಿ. ಪೆಪ್ಪರಮಿಂಟು, ಬೆಲ್ಲದ ಚೂರು, ಚಾಕಲೇಟು ಬೇಡ. ನಿಂಬೆಹುಳಿ, ಹುಣಸೆಹಣ್ಣು ಬಾಯಿಗಿಟ್ಟುಕೊಂಡರೆ ಜೊಲ್ಲು ಊರುತ್ತದೆ ನಿಜ, ಆದರೆ ತಣಿಸುವವರಿಲ್ಲದ ಆ ಹುಳಿ ಹಲ್ಲನ್ನು ತಿನ್ನುತ್ತದೆ. ಬಾಟಲಿ ಜ್ಯೂಸು, ಸೋಡಾ ಅದಕ್ಕಿಂತ ಕೆಟ್ಟದ್ದು. ಸಕ್ಕರೆ ಇಲ್ಲದ, ಕ್ಸೈಲಿಟಾಲ್ ಇರುವ ಚೂಯಿಂಗ್ ಗಮ್ ಅಗಿಯಿರಿ. ಅದು ಉಳಿದಿರುವ ಗ್ರಂಥಿಯನ್ನು ಎಬ್ಬಿಸುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೆ ಎಟುಕದ ಹಾಗೆ ಇಡಿ, ಕ್ಸೈಲಿಟಾಲ್ ನಾಯಿಗೆ ವಿಷ.

ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ, ಒಮ್ಮೆಗೆ ಚೆಂಬು ಎತ್ತಬೇಡಿ. ರಾತ್ರಿ ಪೂರ್ತಿ ಕುಡಿಯುತ್ತಾ ಇದ್ದರೆ ನಿದ್ದೆ ಹೋಗಿ ಬಚ್ಚಲುಮನೆಗೆ ಓಡಾಟವೇ ಆಗುತ್ತದೆ. ಬಾಯಿ ಮುಕ್ಕಳಿಸಿ ಉಗಿದರೂ ಸಾಕು.

ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಸಲ, ಮೃದುವಾದ ಬ್ರಶ್ಶಿನಲ್ಲಿ ಉಜ್ಜಿ. ನೊರೆಯನ್ನು ಉಗಿಯಿರಿ, ಆದರೆ ನೀರು ಹಾಕಿ ಮುಕ್ಕಳಿಸಬೇಡಿ, ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಲಿ. ಇದು ಅಭ್ಯಾಸವಾಗಲು ನನಗೆ ಎರಡು ತಿಂಗಳು ಹಿಡಿಯಿತು. ಇದ್ದಿಲು, ಉಪ್ಪು, ಬೂದಿ, ಹೊಗೆಸೊಪ್ಪಿನ ಪುಡಿ ಯಾವುದೂ ಬೇಡ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ, ಅದು ಇನ್ನಷ್ಟು ಒಣಗಿಸುತ್ತದೆ. ಹಲ್ಲು ನೋಯಲಿ ಎಂದು ಕಾಯಬೇಡಿ, ಮೂರು ನಾಲ್ಕು ತಿಂಗಳಿಗೊಮ್ಮೆ ಹಲ್ಲಿನ ವೈದ್ಯರಿಗೆ ತೋರಿಸಿ ಫ್ಲೋರೈಡ್ ಲೇಪ ಹಾಕಿಸಿಕೊಳ್ಳಿ. ನಾಲಿಗೆ ಕೆಂಪಾಗಿ ಉರಿದರೆ, ತುಟಿಯ ಮೂಲೆ ಸೀಳಿದರೆ ಬಿ ಕಾಂಪ್ಲೆಕ್ಸ್ ನುಂಗಿ ಸುಮ್ಮನಾಗಬೇಡಿ. ಅದು ಬಹಳ ಸಲ ಕ್ಯಾಂಡಿಡಾ ಎಂಬ ಬೂಷ್ಟಿನ ಸೋಂಕು, ಅದಕ್ಕೆ ಬೇರೆಯದೇ ಔಷಧಿ ಇದೆ. ಕಟ್ಟಿಸಿದ ಹಲ್ಲು ಇರುವವರು ರಾತ್ರಿ ಅದನ್ನು ತೆಗೆದು ತೊಳೆದಿಡಲೇಬೇಕು.

ಊಟದ ಮಾತು. ಕಟಕಲು ಜೋಳದ ರೊಟ್ಟಿ, ಒಣ ಚಪಾತಿ, ಅವಲಕ್ಕಿ, ಹುರಿಗಡಲೆ, ಮಂಡಕ್ಕಿ ಇವು ನಮಗೆ ಗಂಟಲಲ್ಲಿ ನಿಲ್ಲುವ ಪದಾರ್ಥ. ರಾಗಿಮುದ್ದೆ ನಮ್ಮ ಪಾಲಿನ ವರ. ಅಗಿಯುವ ಹಾಗಿಲ್ಲ, ಸಾರಿನಲ್ಲಿ ಅದ್ದಿ ನುಂಗಿದರೆ ಆಯಿತು. ಮೊಸರನ್ನ, ಗಂಜಿ, ಕಲಸಿದ ಬಿಸಿಬೇಳೆಬಾತು ಸಲೀಸಾಗಿ ಇಳಿಯುತ್ತವೆ. ಖಾರ ಕಡಿಮೆ ಮಾಡಿ. ಉಪ್ಪಿನಕಾಯಿ ನೆಕ್ಕಿದರೆ ನಾಲಿಗೆಗೆ ಕೆಂಡ ಇಟ್ಟ ಹಾಗಾಗುತ್ತದೆ, ನನ್ನ ಮನೆಯ ಊಟದಲ್ಲಿ ನಾನು ಮರುಗುವುದು ಅದೊಂದಕ್ಕೆ.

ಎಲೆಅಡಿಕೆ

ಇದನ್ನು ಬೇರೆಯಾಗಿಯೇ ಬರೆಯುತ್ತೇನೆ, ಏಕೆಂದರೆ ಒಣಬಾಯಿಯವರು ತಾವಾಗಿ ಅಡಿಕೆಯ ಕಡೆಗೆ ಹೋಗುತ್ತಾರೆ. ಅಗಿದ ಕೂಡಲೇ ಬಾಯಿ ತುಂಬ ಜೊಲ್ಲು. ಅದಕ್ಕೆ ಕಾರಣವಿದೆ. ಅಡಿಕೆಯಲ್ಲಿರುವ ಅರಿಕೋಲಿನ್ ಜೊಲ್ಲಿನ ಗ್ರಂಥಿಯ ಬಾಗಿಲು ತಟ್ಟುವುದು, ವೈದ್ಯರು ಬರೆಯುವ ಪೈಲೊಕಾರ್ಪಿನ್ ಮಾತ್ರೆ ತಟ್ಟುವ ರೀತಿಯಲ್ಲೇ. ಮಾತ್ರೆಯ ಮೂಲವೂ ಗಿಡವೇ, ದಕ್ಷಿಣ ಅಮೆರಿಕದ ಒಂದು ಪೊದೆಯ ಎಲೆ. ಹಾಗಾದರೆ ಅಡಿಕೆಯೇ ಸಾಲದೇ ಎಂದು ನನ್ನ ಅತ್ತೆ ಕೇಳಿದ್ದರು. ಸಾಲದು, ಕೂಡದು. ಅಡಿಕೆ ಬಾಯಿಯ ಒಳಚರ್ಮವನ್ನು ಹಗ್ಗದಂತೆ ಬಿಗಿಸುತ್ತದೆ, ಬಾಯಿ ಬಿಡಲಾಗದಂತೆ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೊಗೆಸೊಪ್ಪು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಚನ್ನಗಿರಿ, ಶಿವಮೊಗ್ಗ ಕಡೆಯ ತೋಟಗಳಿಂದ ಬದುಕು ಕಟ್ಟಿಕೊಂಡವರು ನಮ್ಮ ನೆಂಟರಲ್ಲೇ ಇದ್ದಾರೆ, ಈ ಮಾತು ಹೇಳುವಾಗ ನನಗೆ ಕಷ್ಟವಾಗುತ್ತದೆ. ಆದರೂ ಒಣಗಿದ ಬಾಯಿಗೆ ಅಡಿಕೆ ಬೇಡ. ಗುಟ್ಕಾ, ಬೀಡಿಯ ಮಾತು ಹೇಳಬೇಕಾಗಿಯೇ ಇಲ್ಲ.

ಮಾತ್ರೆಗಳ ವಿಷಯ

ಪೈಲೊಕಾರ್ಪಿನ್ ಬರೆದರೆ ಬೆವರು ಹೆಚ್ಚುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಆಸ್ತಮಾ ಇದೆ, ಕಣ್ಣಿನ ಒತ್ತಡದ ಗ್ಲಾಕೋಮಾ ಇದೆ ಎಂಬುದನ್ನು ಮೊದಲೇ ಹೇಳಿ, ಕೆಲವರಿಗೆ ಅದು ಕೂಡದು. ಹೈಡ್ರಾಕ್ಸಿಕ್ಲೋರೋಕ್ವಿನ್ ಬರೆದರೆ ತೂಕ ನೋಡಿಸಿಕೊಳ್ಳಿ, ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ದಾಟದಂತೆ ಕೊಡುತ್ತಾರೆ. ಶುರುವಿನಲ್ಲಿ ಒಮ್ಮೆ ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಆಗಬೇಕು, ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ. ಸ್ಟೆರಾಯ್ಡ್ ಮಾತ್ರೆಯನ್ನು ಹುಷಾರಾದೆ ಎಂದು ಒಂದೇ ಸಲ ನಿಲ್ಲಿಸಬೇಡಿ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಿ.

ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯ, ಪುಡಿ, ಗುಳಿಗೆಗಳನ್ನು ಯಾರೇ ಪ್ರೀತಿಯಿಂದ ತಂದುಕೊಟ್ಟರೂ ಕೇಳದೆ ಸೇವಿಸಬೇಡಿ. ನಮ್ಮ ತೊಂದರೆಯೇ ಆ ಶಕ್ತಿ ದಿಕ್ಕುಗೆಟ್ಟಿರುವುದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದವರಲ್ಲಿ ಕೆಲವರಿಗೆ ಯಕೃತ್ತಿಗೆ ಪೆಟ್ಟಾದದ್ದನ್ನು, ಅವರಲ್ಲಿ ನಮ್ಮಂಥ ಆಟೋಇಮ್ಯೂನ್ ಕಾಯಿಲೆಯವರೂ ಇದ್ದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ.

ಸುಸ್ತಿಗೆ ಮಾತ್ರೆ ಇಲ್ಲ. ಈ ಕಾಯಿಲೆಯ ಸುಸ್ತು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ಟೆನಿಸ್ಸಿನ ವೀನಸ್ ವಿಲಿಯಮ್ಸ್ 2011ರಲ್ಲಿ ಯುಎಸ್ ಓಪನ್ ಟೂರ್ನಿಯ ನಡುವೆಯೇ ಹಿಂದೆ ಸರಿದು, ತನಗೆ ಶೋಗ್ರೆನ್ ಇದೆ ಎಂದು ಹೇಳಿದರು. ಅಂಥ ಮೈಕಟ್ಟನ್ನೇ ಕೆಡವಿದ ಸುಸ್ತು ಇದು. ದಿನವೂ ಸ್ವಲ್ಪ ನಡೆಯಿರಿ, ನಿಧಾನವಾಗಿ ಹೆಚ್ಚಿಸಿ. ಕೆಲಸವನ್ನು ಬಿಡಿಬಿಡಿಯಾಗಿ ಮಾಡಿ. ಹಬ್ಬದ ಹಿಂದಿನ ದಿನ ಇಡೀ ಮನೆ ತೊಳೆಯಲು ಹೋಗಬೇಡಿ.

ಬಸಿರಿಗೆ ಮೊದಲು

ಆಂಟಿ ರೋ ಪಾಸಿಟಿವ್ ಇರುವ ಹೆಣ್ಣುಮಕ್ಕಳು ಬಸಿರಾಗುವ ಮೊದಲೇ ಹೆರಿಗೆ ವೈದ್ಯರಿಗೂ ರುಮಟಾಲಜಿಸ್ಟರಿಗೂ ತಿಳಿಸಬೇಕು, ಮುಚ್ಚಿಡಬಾರದು. ಆ ಪ್ರತಿಕಾಯ ತಾಯಿಯಿಂದ ಮಗುವಿಗೆ ದಾಟಿ, ನೂರರಲ್ಲಿ ಒಂದೆರಡು ಮಕ್ಕಳ ಹೃದಯದ ಬಡಿತದ ತಂತುವನ್ನು ಕೆಡಿಸಬಹುದು. ನೂರರಲ್ಲಿ ತೊಂಬತ್ತೆಂಟು ಮಕ್ಕಳಿಗೆ ಹಾಗಾಗುವುದಿಲ್ಲ ಎಂಬುದನ್ನೂ ಇದರ ಜೊತೆಗೇ ಓದಿ. ಮೊದಲ ಮಗುವಿಗೆ ಹಾಗಾಗಿದ್ದರೆ ಮಾತ್ರ ಮುಂದಿನ ಬಸಿರಿನಲ್ಲಿ ಅಪಾಯ ಬಹಳ ಹೆಚ್ಚು. ಹದಿನಾರನೇ ವಾರದ ಹೊತ್ತಿನಿಂದ ಮಗುವಿನ ಹೃದಯದ ಸ್ಕ್ಯಾನು ಮಾಡುತ್ತಾ ಹೋಗುತ್ತಾರೆ, ಒಂದನ್ನೂ ತಪ್ಪಿಸಬೇಡಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಬಸಿರಿನಲ್ಲಿ ಮುಂದುವರಿಸುವ ಮಾತ್ರೆ. ಬಸಿರಾಯಿತೆಂದು ಹೆದರಿ ನೀವಾಗಿ ನಿಲ್ಲಿಸಬೇಡಿ. ಯೋನಿ ಒಣಗಿ ನೋವಾಗುವುದೂ ಈ ಕಾಯಿಲೆಯ ಭಾಗ. ನಾಚಿಕೆಯಿಂದ ನುಂಗಿಕೊಳ್ಳಬೇಡಿ, ಅದಕ್ಕೂ ಜೆಲ್ ಇದೆ, ಉಪಾಯವಿದೆ.

ಕಾಯಬಾರದ ಸೂಚನೆಗಳು

ಬೆಳಿಗ್ಗೆ ಎದ್ದಾಗ ಕೈಕಾಲು ಎತ್ತಲಾಗದಿದ್ದರೆ ಗಾಳಿ ಬಡಿದಿದೆ ಎಂದು ಎಣ್ಣೆ ತಿಕ್ಕಿಸುತ್ತಾ ಕೂರಬೇಡಿ. ಶೋಗ್ರೆನ್ ಮೂತ್ರಪಿಂಡಕ್ಕೆ ಇಳಿದರೆ ಪೊಟ್ಯಾಸಿಯಂ ಸೋರಿಹೋಗಿ ಮೈ ಸೋಲುತ್ತದೆ, ಹೃದಯದ ಬಡಿತವೂ ತಪ್ಪಬಹುದು. ಬಾಯಿ ಒಣಗಿದ್ದು ಯಾರ ಗಮನಕ್ಕೂ ಬಾರದೆ, ಹೀಗೆ ಕುಸಿದು ಬಿದ್ದ ಮೇಲೇ ಕಾಯಿಲೆ ಪತ್ತೆಯಾದವರು ನಮ್ಮ ದೇಶದಲ್ಲಿ ಇದ್ದಾರೆ. ಎಳನೀರು ಕುಡಿಸಿ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ, ಶೋಗ್ರೆನ್ ಇದೆ ಎಂದು ಮೊದಲ ಮಾತಿನಲ್ಲೇ ಹೇಳಿ.

ಕಿವಿಯ ಕೆಳಗೆ ಮಂಗನಬಾವಿನ ಹಾಗೆ ಊದಿ ಇಳಿಯುವುದು ಈ ಕಾಯಿಲೆಯಲ್ಲಿ ಇದ್ದದ್ದೇ. ಆದರೆ ಊತ ಇಳಿಯದೆ ಗಟ್ಟಿಯಾಗಿ ನಿಂತರೆ, ಕತ್ತು ಕಂಕುಳಲ್ಲಿ ಗಡ್ಡೆ ಸಿಕ್ಕಿದರೆ, ತೂಕ ಇಳಿದರೆ, ರಾತ್ರಿ ಬೆವರಿ ಬಟ್ಟೆ ತೊಯ್ದರೆ, ಕಾರಣವಿಲ್ಲದೆ ಜ್ವರ ಬಂದರೆ, ಮೊಣಕಾಲ ಕೆಳಗೆ ನೇರಳೆ ಚುಕ್ಕೆಗಳು ಎದ್ದರೆ ತಡಮಾಡಬೇಡಿ. ನೂರು ರೋಗಿಗಳಲ್ಲಿ ಸುಮಾರು ಐವರಿಗೆ ಬದುಕಿನ ಯಾವುದಾದರೊಂದು ಘಟ್ಟದಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಬರುತ್ತದೆ. ಬೇಗ ಗೊತ್ತಾದರೆ ಚಿಕಿತ್ಸೆ ಇದೆ. ಬಿಡದ ಒಣಕೆಮ್ಮು, ಏದುಸಿರು, ಪಾದದಲ್ಲಿ ಉರಿಜೋಮು ಇವನ್ನೂ ಹೇಳಿ. ಕಣ್ಣು ಕೆಂಪಾಗಿ, ನೋವಾಗಿ, ಮಂಜಾದರೆ ಅದೇ ದಿನ ತೋರಿಸಿ.

ಮನೆಯವರಿಗೆ

ನನ್ನ ಮಾವ ತೀರಿಕೊಂಡ ದಿನ ನನ್ನ ಕಣ್ಣಿನಿಂದ ಒಂದು ಹನಿ ಇಳಿಯಲಿಲ್ಲ. ಎದೆ ಒಡೆದು ಹೋಗುತ್ತಿತ್ತು, ಗಂಟಲು ಕಟ್ಟಿತ್ತು, ಕಣ್ಣು ಮಾತ್ರ ಉರಿದು ಕೆಂಪಾಗಿತ್ತು. ಸೊಸೆ ಅಳಲೇ ಇಲ್ಲ ನೋಡು ಎಂದು ಪಡಸಾಲೆಯಲ್ಲಿ ಯಾರೋ ಅಂದರು. ಅತ್ತೆ ನನ್ನ ಪಕ್ಕ ಬಂದು ಕೂತು, ಅವಳಿಗೆ ಕಣ್ಣೀರು ಬತ್ತುವ ಕಾಯಿಲೆ ಇದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಯಾರ ಕಣ್ಣಲ್ಲಿ ಎಷ್ಟು ನೀರು ಬಂತು ಎಂದು ಸಾವಿನ ಮನೆಯಲ್ಲಿ ಲೆಕ್ಕ ಹಾಕಬೇಡಿ.

ಹೊರಗೆ ಚೆನ್ನಾಗಿಯೇ ಕಾಣುತ್ತೀಯಲ್ಲ ಎನ್ನಬೇಡಿ. ಸೋಮಾರಿತನ ಎನ್ನಬೇಡಿ. ಕಾಯಿಲೆಯ ನೆಪದಲ್ಲಿ ಹೆಣ್ಣನ್ನು ತವರಿಗೆ ಕಳಿಸಬೇಡಿ. ವೈದ್ಯರ ಬಳಿ ಹೋಗುವಾಗ ಒಬ್ಬರು ಜೊತೆಗೆ ಹೋಗಿ, ಮರೆತದ್ದನ್ನು ನೆನಪಿಸಿ. ಮೆಣಸಿನಕಾಯಿ ಹುರಿಯುವುದನ್ನು, ಮನೆಯ ಧೂಳು ಹೊಡೆಯುವುದನ್ನು ನೀವು ವಹಿಸಿಕೊಳ್ಳಿ. ಮಾತಿನ ನಡುವೆ ಅವರು ನಿಂತರೆ ತಾಳಿ, ಒಂದು ಗುಟುಕು ಕುಡಿದು ಮುಂದುವರಿಸುತ್ತಾರೆ. ಊಟಕ್ಕೆ ಕೂರುವಾಗ ತಟ್ಟೆ ಇಡುವ ಮೊದಲು ಅವರ ಮುಂದೆ ನೀರಿನ ಲೋಟ ಇಡಿ.